ದೃಷ್ಟಿಗೊಂದು ಮೊಗ್ಗು

ಬಾಳೆಪಟ್ಟೆಯನ್ನು ಸೀಳಿದಾಗ ಒಂದು ವಾಸನೆ ಬರುತ್ತದೆ. ಹಸಿ ಸೌತೆಕಾಯಿಯದೂ ಹೌದು, ಮಳೆಯಲ್ಲಿ ನೆನೆದ ಗೋಣಿಚೀಲದ್ದೂ ಹೌದು, ಎರಡೂ ಬೆರೆತಂಥ ವಾಸನೆ. ಕಳೆದ ವಾರ ಚಾಮರಾಜನಗರದ ನನ್ನ ಮನೆಯ ಹಿತ್ತಿಲಲ್ಲಿ ಕೂತು, ಪಕ್ಕದ ಬೀದಿಯ ಹುಡುಗಿಯೊಬ್ಬಳ ಭರತನಾಟ್ಯಕ್ಕೆಂದು ಮೊಗ್ಗಿನ ಜಡೆ ಹೊಲಿಯಲು ಪಟ್ಟೆ ಸೀಳುತ್ತಿದ್ದೆ. ಬೆರಳಿಗೆ ಅಂಟು ನೀರು ಹತ್ತಿತು. ವಾಸನೆ ಮೂಗಿಗೆ ಬಡಿದದ್ದೇ ತಡ, ಗುಂಡ್ಲುಪೇಟೆಯ ನಮ್ಮ ಬೀದಿ, ಎದುರುಮನೆಯ ಜಗಲಿ, ಜಗಲಿಯ ಮೇಲೆ ಕಾಲು ಚಾಚಿ, ಹಲ್ಲಿನಲ್ಲಿ ದಾರ ಕಚ್ಚಿಕೊಂಡು ಕೂತ ಎದುರುಮನೆ ಅತ್ತೆ... ಎಲ್ಲ ಒಟ್ಟಿಗೇ ಬಂದುಬಿಟ್ಟವು. ಅವರ ಹಿಂದೆಯೇ ನನ್ನ ಹಳೆಯ ಹೊಟ್ಟೆಯುರಿಯೂ ಬಂತು. ಇಷ್ಟು ವರ್ಷವಾದರೂ ಅದು ಆರಿಲ್ಲವಲ್ಲ ಎಂದು ನನಗೇ ನಾಚಿಕೆಯಾಯಿತು.

ಅತ್ತೆ ಎಂದರೂ ಅವರು ನಮಗೆ ನೆಂಟರಲ್ಲ. ಬೀದಿಗೆಲ್ಲ ಅತ್ತೆ. ಗಂಡ ಬೇಗ ಹೋಗಿದ್ದರು. ಒಬ್ಬಳೇ ಮಗಳನ್ನು ಹರದನಹಳ್ಳಿಗೆ ಕೊಟ್ಟು, ಹೂ ಕಟ್ಟಿ ಮಾರಿಕೊಂಡು ಬದುಕುತ್ತಿದ್ದರು. ಅವರ ಕೈಗೆ ನಿಜವಾದ ಕೆಲಸ ಸಿಗುತ್ತಿದ್ದದ್ದು ಬೇಸಿಗೆಯಲ್ಲಿ, ದುಂಡುಮಲ್ಲಿಗೆ ಬರುವ ಕಾಲಕ್ಕೆ. ಶಾಲೆಗೆ ರಜೆ ಬಿಟ್ಟರೆ ಸಾಕು, ಹೆಣ್ಣುಮಕ್ಕಳಿದ್ದ ಮನೆಯವರೆಲ್ಲ ಬಿರಿಯದ ಮೊಗ್ಗು ತುಂಬಿದ ತಟ್ಟೆ ಹಿಡಿದು ಅವರ ಜಗಲಿಗೆ ಬರುತ್ತಿದ್ದರು. ಬಾಳೆಪಟ್ಟೆಯನ್ನು ಜಡೆಯ ಉದ್ದಕ್ಕೆ ಕತ್ತರಿಸಿ, ಅದರ ಮೇಲೆ ಒಂದೊಂದೇ ಮೊಗ್ಗನ್ನು ಸೂಜಿದಾರದಲ್ಲಿ ಸಾಲಾಗಿ ಕೂರಿಸಿ, ನಡುವೆ ಕನಕಾಂಬರ, ಅಂಚಿಗೆ ಮರುಗ, ತುದಿಗೆ ಕುಚ್ಚು. ಹುಡುಗಿಯ ಬೆನ್ನಿಗೆ ಅದನ್ನು ಬಿಗಿದ ಮೇಲೆ ಸೀದಾ ಫೋಟೋ ಸ್ಟುಡಿಯೋ. ಅಲ್ಲಿ ದೊಡ್ಡ ಕನ್ನಡಿಗೆ ಬೆನ್ನು ಮಾಡಿ ಕೂರಿಸುತ್ತಿದ್ದರು. ಒಂದೇ ಫೋಟೋದಲ್ಲಿ ಮುಖವೂ ಬರಬೇಕು, ಜಡೆಯೂ ಬರಬೇಕು. ನಮ್ಮ ಬೀದಿಯ ಯಾವ ಮನೆಗೆ ಹೋದರೂ ಗೋಡೆಯ ಮೇಲೆ ಅಂಥದೊಂದು ಫೋಟೋ ಇತ್ತು. ನನ್ನದೂ ಇತ್ತು, ಎಂಟು ವರ್ಷದವಳದ್ದು, ಕತ್ತು ನೋಯುತ್ತಿದೆ ಎಂದು ಮುಖ ಊದಿಸಿಕೊಂಡದ್ದು.

ಅತ್ತೆಯ ಜಡೆಗೆ ಒಂದು ಗುರುತಿತ್ತು. ಮೇಲಿನಿಂದ ಮೂರನೆಯ ಸಾಲಿನ ನಟ್ಟನಡುವೆ ಒಂದು ಮೊಗ್ಗನ್ನು ಬೇಕೆಂದೇ ತಲೆಕೆಳಗಾಗಿ ಹೊಲಿಯುತ್ತಿದ್ದರು. ಉಳಿದವೆಲ್ಲ ತುದಿ ಮೇಲೆ ಮಾಡಿಕೊಂಡು ಒಪ್ಪವಾಗಿ ನಿಂತಿದ್ದರೆ ಅದೊಂದು ಮಾತ್ರ ಕೆಳಗೆ ಮುಖ. ಯಾರಾದರೂ ತಪ್ಪಾಗಿದೆ ಎಂದರೆ, "ದೃಷ್ಟಿಗೆ ಕಣಮ್ಮಿ. ನೋಡೋರ ಕಣ್ಣೆಲ್ಲ ಆ ಸೊಟ್ ಮೊಗ್ಗಿನ್ ಮೇಲ್ ಬೀಳ್ಲಿ, ಕೂಸಿನ್ ಮೇಲ್ ಬೇಡ" ಎನ್ನುತ್ತಿದ್ದರು. ಬೇರೆ ಯಾರೂ ಹಾಗೆ ಮಾಡುತ್ತಿದ್ದದ್ದನ್ನು ನಾನು ಕಂಡಿಲ್ಲ.

ಇಂಥ ಹೆಂಗಸಿನ ಮೇಲೆ ನನಗೇಕೆ ಹೊಟ್ಟೆಯುರಿ ಎಂದರೆ ಅದಕ್ಕೆ ಕಾರಣ ಒಬ್ಬ ಸಿನಿಮಾ ತಾರೆ. ಹೆಸರು ಬೇಡ. ಕಪ್ಪುಬಿಳುಪಿನ ಕಾಲದ ದೊಡ್ಡ ನಾಯಕಿ ಎಂದರೆ ಸಾಕು. ನಮ್ಮವ್ವ ಆಕೆಯ ಯಾವ ಚಿತ್ರವನ್ನೂ ಬಿಟ್ಟವಳಲ್ಲ, ನನ್ನನ್ನು ಸೊಂಟದ ಮೇಲೆ ಕೂರಿಸಿಕೊಂಡೇ ಟೆಂಟ್ ಸಿನಿಮಾಕ್ಕೆ ಹೋಗುತ್ತಿದ್ದವಳು. ನಾನು ಕೈಕೂಸಾಗಿದ್ದಾಗ ಆ ನಟಿ ಶೂಟಿಂಗಿಗೆಂದು ಗುಂಡ್ಲುಪೇಟೆಗೇ ಬಂದಿದ್ದಳಂತೆ. ಗೋಪಾಲಸ್ವಾಮಿ ಬೆಟ್ಟದ ತಪ್ಪಲಲ್ಲಿ ಹಾಡಿನ ಚಿತ್ರೀಕರಣ, ಇಳಿದುಕೊಂಡದ್ದು ಪ್ರವಾಸಿ ಮಂದಿರದಲ್ಲಿ. ಹಾಡಿಗೆ ಮೊಗ್ಗಿನ ಜಡೆ ಬೇಕಾಯಿತು. ಯಾರೋ ಎದುರುಮನೆ ಅತ್ತೆಯನ್ನು ಕರೆದುಕೊಂಡು ಹೋದರು. ಅತ್ತೆ ಒಳಗೆ ಹೋಗಿ ನಟಿಯ ಬೆನ್ನ ಹಿಂದೆ ಕೂತು ಮೂರು ಗಂಟೆ ಹೊತ್ತು ಆಕೆಯ ಕೂದಲನ್ನು ಕೈಯಲ್ಲಿ ಹಿಡಿದಿದ್ದರು. ಅದೇ ಹೊತ್ತಿಗೆ ಅವ್ವ ನನ್ನನ್ನು ಎತ್ತಿಕೊಂಡು ಗೇಟಿನಾಚೆ ಬಿಸಿಲಲ್ಲಿ ನಿಂತಿದ್ದಳು. ಬೆಳಗಿನಿಂದ ಸಂಜೆಯವರೆಗೆ ಕಾದ ಅವ್ವನಿಗೆ ಕಂಡದ್ದು ಒಂದು ಛತ್ರಿ ಮಾತ್ರ. ಛತ್ರಿಯ ಕೆಳಗೆ ಆಕೆ ಇದ್ದಳಂತೆ.

ಆ ಛತ್ರಿಯ ಕಥೆಯನ್ನು ಅವ್ವ ಸಾಯುವವರೆಗೂ ಹೇಳಿದಳು. ಹೇಳುವಾಗ ಪ್ರತಿ ಸಲವೂ ಕೊನೆಗೆ ಎದುರುಮನೆಯ ಕಡೆ ನೋಡುತ್ತಿದ್ದಳು... ನನಗೆ ಆಸ್ತಿ ಅಂತ ಬಂದದ್ದು ಆ ನೋಟ.

ಅತ್ತೆಗೆ ಸಿಕ್ಕ ಭಾಗ್ಯಕ್ಕಿಂತ ಅವರಿಗೆ ಅದರ ಬೆಲೆ ಗೊತ್ತಿಲ್ಲದ್ದು ನನ್ನನ್ನು ಹೆಚ್ಚು ಸುಡುತ್ತಿತ್ತು. ಅವರು ಸಿನಿಮಾ ನೋಡುತ್ತಲೇ ಇರಲಿಲ್ಲ, ಬಲವಂತಕ್ಕೆ ಕರೆದುಕೊಂಡು ಹೋದರೆ ಟಾಕೀಸಿನ ಕತ್ತಲಿಗೆ ನಿದ್ದೆ ಹೋಗುತ್ತಿದ್ದರು. ತಾವಾಗಿ ಎಂದೂ ಆ ವಿಷಯ ತೆಗೆಯುತ್ತಿರಲಿಲ್ಲ. ಹಾಗಾಗಿ ಬೀದಿಯ ಹೊಸಬರಲ್ಲಿ ಅರ್ಧ ಜನಕ್ಕೆ ಅದು ಗೊತ್ತೇ ಇರಲಿಲ್ಲ. ನಾನೇ ಕೆದಕಿ ಕೆದಕಿ ಕೇಳುತ್ತಿದ್ದೆ. ಒಮ್ಮೆ, ಬಾಚುವಾಗ ಉದುರಿದ ಆಕೆಯ ಕೂದಲನ್ನು ಏನು ಮಾಡಿದಿರಿ ಎಂದು ಕೇಳಿದೆ. "ಸುತ್ತಿ ಸೂರಿಗ್ ಸಿಕ್ಸಿದ್ದೆ. ಕೂದ್ಲು ಕೊಳ್ಳೋನು ಬಂದಾಗ ಆಕ್ಬುಟ್ಟೆ. ಎಲ್ಡ್ ಪಿನ್ನು ಕೊಟ್ಟ" ಎಂದರು. ನಾನು ಬಾಯಿ ತೆರೆದುಕೊಂಡೇ ಕೂತೆ. "ಇನ್ನೇನ್ಲಾ, ಮಡಿಕಂಡು ಪೂಜೆ ಮಾಡಕಾದದಾ?" ಎಂದು ಯಾರನ್ನೋ ಬೈಯುವವರಂತೆ ಗಾಳಿಗೆ ಹೇಳಿ ಮತ್ತೆ ಹೂ ಕಟ್ಟತೊಡಗಿದರು. ಅವತ್ತು ರಾತ್ರಿ ನನಗೆ ಊಟ ಸೇರಲಿಲ್ಲ.

ಇನ್ನೊಂದು ಸಂಗತಿಯನ್ನೂ ಅವರೇ ಹೇಳಿದ್ದರು. ಜಡೆ ಕಟ್ಟಿ ಮುಗಿದ ಮೇಲೆ ಕ್ಯಾಮೆರಾದವನು ಕೂಗಾಡಿದನಂತೆ. ಬಿಳಿ ಮೊಗ್ಗು ಬಿಸಿಲಿಗೆ ಹೊಳೆದು ನಾಯಕಿಯ ಮುಖವನ್ನೇ ನುಂಗುತ್ತಿದೆ, ಇದು ಆಗಲ್ಲ ಎಂದು. ಎಲ್ಲರೂ ತಲೆ ಮೇಲೆ ಕೈ ಹೊತ್ತು ನಿಂತಾಗ ಅತ್ತೆ ಅಡುಗೆಯವನ ಹತ್ತಿರ ಹೋಗಿ, ಆರಿದ ಟೀ ಡಿಕಾಕ್ಷನ್ ಇಸಿದುಕೊಂಡು ಬಂದು, ಬಟ್ಟೆಯಲ್ಲಿ ಅದ್ದಿ ಅದ್ದಿ ಮೊಗ್ಗುಗಳಿಗೆಲ್ಲ ಒತ್ತಿದರು. ಮೊಗ್ಗು ಮಂಕಾಯಿತು, ಕ್ಯಾಮೆರಾದವನು ಶಾಂತನಾದ. ಆ ಹಾಡು ಮುಂದೆ ಎಷ್ಟು ಹೆಸರು ಮಾಡಿತೆಂದರೆ, ನಾಯಕಿ ಬೆನ್ನು ತಿರುಗಿಸಿ ಜಡೆ ಬೀಸುವ ಆ ಚಿತ್ರ ಕ್ಯಾಲೆಂಡರಿಗೂ ಬಂತು. ಜಡೆಯಲ್ಲಿದ್ದದ್ದು ಚಹಾ ಕುಡಿದ ಮೊಗ್ಗು ಎಂಬುದು ನಮ್ಮೂರಲ್ಲಿ ಅತ್ತೆಗೆ ಗೊತ್ತಿತ್ತು, ನನಗೆ ಗೊತ್ತಿತ್ತು, ಅಷ್ಟೇ.

ನನ್ನ ಬಳಿ ಏನಿತ್ತು? ಒಂದು ದಪ್ಪ ಪುಸ್ತಕ. ಹೈಸ್ಕೂಲಿನಿಂದ ಶುರುಮಾಡಿ ಆಕೆಯ ಬಗ್ಗೆ ಬಂದದ್ದನ್ನೆಲ್ಲ ಕತ್ತರಿಸಿ ಅಂಟಿಸಿದ್ದೆ. ಯಾವ ಚಿತ್ರ ಯಾವಾಗ ಬಂತು, ಯಾವುದರಲ್ಲಿ ಯಾವ ಸೀರೆ, ಎಲ್ಲ ಬಾಯಿಪಾಠ. ಹನ್ನೊಂದು ಕಾಗದ ಬರೆದಿದ್ದೆ, ಒಂದಕ್ಕೂ ಉತ್ತರ ಬಂದಿರಲಿಲ್ಲ. ಅವ್ವ ಹೋಗಿ, ಆಮೇಲೆ ಅಪ್ಪ ಹೋಗಿ, ಆ ಮನೆಯಲ್ಲಿ ನಾನೊಬ್ಬಳೇ ಉಳಿದೆ. ಬೆಳಿಗ್ಗೆ ಬಸ್ಸು ಹತ್ತಿ ಚಾಮರಾಜನಗರದ ಕಚೇರಿಗೆ ಹೋಗಿ ದಿನವಿಡೀ ಟೈಪ್ ಮಾಡಿ ಸಂಜೆ ಬಸ್ಸಿಗೆ ಗುಂಡ್ಲುಪೇಟೆಗೆ ಮರಳುತ್ತಿದ್ದೆ. ಬಂದ ಮೇಲೆ ಆ ಪುಸ್ತಕ ಬಿಡಿಸುತ್ತಿದ್ದೆ. ಆಕೆಯ ಬದುಕಿನಲ್ಲಿ ನನಗೊಂದು ಸಾಲಿನಷ್ಟಾದರೂ ಜಾಗ ಸಿಗಲಿ ಎಂಬುದು ನನ್ನ ಆಸೆ. ಬೇರೆ ಆಸೆ ಇಟ್ಟುಕೊಂಡವಳೂ ಅಲ್ಲ ನಾನು.

ತೊಂಬತ್ತರ ದಶಕದ ನಡುವಿನ ಒಂದು ಅವರೆಕಾಯಿ ಕಾಲ. ಭಾನುವಾರ ಮಧ್ಯಾಹ್ನ ಮೂರರ ಸುಮಾರಿಗೆ ನಮ್ಮ ಮನೆಯ ಮುಂದೆ ಜೀಪೊಂದು ನಿಂತಿತು. ಬೆಂಗಳೂರಿನಿಂದ ಮೂರು ಜನ ಬಂದಿದ್ದರು. ಆ ನಟಿಯ ಬದುಕಿನ ಬಗ್ಗೆ ಟಿವಿಗೆ ಸಾಕ್ಷ್ಯಚಿತ್ರ ಮಾಡುತ್ತಿದ್ದಾರಂತೆ. ಫೋಟೋ ಸ್ಟುಡಿಯೋದವರು ನನ್ನ ಪುಸ್ತಕದ ವಿಷಯ ಹೇಳಿ ಕಳಿಸಿದ್ದರು. ಒಳಗೆ ಓಡಿದೆ. ಪುಸ್ತಕ ತಂದು ಮುಂದಿಟ್ಟೆ. ನಿರ್ದೇಶಕರು ಹಾಳೆ ಮಗುಚಿ ನೋಡಿದರು, ನಾಲ್ಕು ಫೋಟೋ ಆರಿಸಿಕೊಂಡರು. ಇನ್ನೇನು ನನ್ನನ್ನೇ ಕ್ಯಾಮೆರಾ ಮುಂದೆ ಕೂರಿಸುತ್ತಾರೆ ಎಂದು ನಾನು ಸೆರಗು ಸರಿಮಾಡಿಕೊಳ್ಳುತ್ತಿದ್ದೆ.

"ಮೇಡಂ, ನೀವು ಅವರನ್ನ ಯಾವತ್ತಾದ್ರೂ ಭೇಟಿ ಮಾಡಿದೀರಾ?" ಎಂದು ಕೇಳಿದರು.

"ಇಲ್ಲ. ಕಾಗದ ಬರೆದಿದ್ದೆ..."

ಅವರು ಪೆನ್ನಿನ ಕ್ಯಾಪು ಮುಚ್ಚಿದರು. ಆ ಸಣ್ಣ ಸದ್ದು ಇವತ್ತಿಗೂ ನನ್ನ ಕಿವಿಯಲ್ಲಿದೆ. ಜೀಪಿನ ಕಡೆ ಹೊರಟವರು ಬಾಗಿಲಲ್ಲಿ ನಿಂತು, "ಈ ಊರಲ್ಲಿ ಒಬ್ಬರು ಅವರಿಗೆ ಮೊಗ್ಗಿನ ಜಡೆ ಹೆಣೆದಿದ್ರಂತೆ. ನಟಿ ಈಗಲೂ ಅವರನ್ನ ನೆನೆಸ್ಕೊತಾರೆ, ಹೆಸರು ಮಾತ್ರ ಮರೆತುಹೋಗಿದೆ. ಆ ಹೆಂಗಸು ಬದುಕಿದ್ರೆ ಹೇಳಿ, ಎಷ್ಟೊತ್ತಾದ್ರೂ ಕಾದು ಮಾತಾಡಿಸಿಕೊಂಡೇ ಹೋಗ್ತೀವಿ" ಎಂದರು.

ಎದುರುಮನೆಗೆ ಬೀಗ ಹಾಕಿತ್ತು. ಅತ್ತೆ ಬೆಳಗಿನ ಬಸ್ಸಿಗೆ ಮಗಳ ಮನೆಗೆ ಹರದನಹಳ್ಳಿಗೆ ಹೋಗಿದ್ದರು. ಐದು ಗಂಟೆಯ ಬಸ್ಸಿಗೆ ಬಂದೇ ಬರುತ್ತಿದ್ದರು. ಎರಡು ಗಂಟೆ ಕಾದರೆ ಸಾಕಿತ್ತು. ನಾನು ಆ ಬೀಗವನ್ನೇ ನೋಡುತ್ತಿದ್ದೆ. ಆಕೆ ಈಗಲೂ ನೆನೆಸಿಕೊಳ್ಳುತ್ತಾಳಂತೆ! ನನ್ನ ಹನ್ನೊಂದು ಕಾಗದ ಯಾವ ಮೂಲೆಯಲ್ಲಿ ಬಿದ್ದಿವೆಯೋ, ಕೂದಲು ಕೊಟ್ಟು ಪಿನ್ನು ತೆಗೆದುಕೊಂಡ ಈ ಹೆಂಗಸು ಮಾತ್ರ ಮೂವತ್ತು ವರ್ಷ ಆಕೆಯ ಮನಸ್ಸಿನಲ್ಲಿ ಕೂತಿದ್ದಾಳೆ. ಹೊಟ್ಟೆಯೊಳಗೆ ಬೆಂಕಿ ಇಟ್ಟಂತಾಯಿತು. ಉತ್ಪ್ರೇಕ್ಷೆಯಲ್ಲ, ನಿಜವಾಗಿ ಅಲ್ಲಿ ಬಿಸಿಯಾಯಿತು.

"ಅದು ನಮ್ಮವ್ವ" ಎಂದೆ. "ತೀರಿಕೊಂಡು ಹದಿನೈದು ವರ್ಷವಾಯ್ತು."

ಪೆನ್ನಿನ ಕ್ಯಾಪು ಮತ್ತೆ ತೆರೆಯಿತು. ಕುರ್ಚಿಯನ್ನು ಕಿಟಕಿಯ ಬೆಳಕಿಗೆ ಎಳೆದರು. ಗೋಡೆಯ ಮೇಲಿದ್ದ ಅವ್ವನ ಫೋಟೋ ನನ್ನ ಹೆಗಲ ಹಿಂದೆ ಬರುವಂತೆ ನನ್ನನ್ನು ಕೂರಿಸಿದರು. ನಾನು ಹೇಳಿದೆ. ಪ್ರವಾಸಿ ಮಂದಿರ, ಬಾಳೆಪಟ್ಟೆ, ಕ್ಯಾಮೆರಾದವನ ಕೂಗಾಟ, ಅಡುಗೆಯವನ ಡಿಕಾಕ್ಷನ್... ಒಂದೂ ಬಿಡಲಿಲ್ಲ. ಅತ್ತೆ ಇದ್ದ ಕಡೆಯಲ್ಲೆಲ್ಲ ಅವ್ವನನ್ನು ಕೂರಿಸಿದೆ. ಬಿಸಿಲಲ್ಲಿ ಗೇಟಿನಾಚೆ ನಿಂತವಳನ್ನು ಕೈಹಿಡಿದು ಒಳಗೆ ಕರೆದುಕೊಂಡು ಬಂದಂತೆ ನನಗನ್ನಿಸಿತು. ಕಣ್ಣಲ್ಲಿ ನೀರು ಬಂತು. ಸುಳ್ಳು ಹೇಳುವಾಗ ಬಂದ ಆ ನೀರು ಮಾತ್ರ ಸುಳ್ಳಲ್ಲ. ಹೋಗುವಾಗ ಅವರು ಅವ್ವನ ಒಂದು ಸಣ್ಣ ಫೋಟೋ ಕೇಳಿ ಪಡೆದರು, ನಟಿಗೆ ತೋರಿಸುತ್ತೇವೆ ಎಂದರು.

ಐದೂವರೆಗೆ ಅತ್ತೆ ಬಂದರು. ಮಗಳ ಹೊಲದ ಅವರೆಕಾಯಿಯ ಗಂಟು ತಲೆಯ ಮೇಲಿತ್ತು. ಬೀಗ ತೆಗೆಯುವ ಮೊದಲೇ ಒಂದು ಮೊರದಷ್ಟು ನನ್ನ ಜಗಲಿಗೆ ಸುರಿದರು.

"ಯಾರೋ ಜೀಪಲ್ ಬಂದಿದ್ರಂತೆ?"

"ಸಿನಿಮಾದವರು ಅತ್ತೆ. ನನ್ನ ಪುಸ್ತಕ ನೋಡೋಕೆ."

ಅವರು ಕೂತು ಎರಡು ಕಾಯಿ ಸುಲಿದರು. ಅವರೆಯ ಸೊಗಡು ಬೀದಿಗೆಲ್ಲ ಹರಡಿತ್ತು. ಆಮೇಲೆ ತಲೆ ಎತ್ತದೆಯೇ ಕೇಳಿದರು. "ಆಯಮ್ಮನ ಇಸ್ಯವಾ? ನನ್ನೇನಾರ ಕೇಳುದ್ರಾ?"

"ಇಲ್ಲ" ಎಂದೆ.

"ಊ. ಎಲ್ ನೆಪ್ಪಿರ್ತದೆ ಬುಡು" ಎಂದು ಸಿಪ್ಪೆ ಕೊಡವಿಕೊಂಡು ಎದ್ದರು. ಅವರಿಗೂ ಆಸೆ ಇತ್ತು ಎಂದು ನನಗೆ ಗೊತ್ತಾದದ್ದು ಆಗ. ಅಷ್ಟು ವರ್ಷ ಅದನ್ನು ಸುತ್ತಿ ಸೂರಿಗೆ ಸಿಕ್ಕಿಸಿಟ್ಟುಕೊಂಡಿದ್ದರು. ಆಗಲಾದರೂ ನಿಜ ಹೇಳಬಹುದಿತ್ತು. ಮೈಸೂರಿನ ರಸ್ತೆಯಲ್ಲಿ ಜೀಪು ಇನ್ನೂ ಹೋಗುತ್ತಲೇ ಇದ್ದಿರಬೇಕು... ನಾನು ಅವರೆಕಾಯಿ ಎತ್ತಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ.

ಆಮೇಲಿನ ತಿಂಗಳುಗಳಲ್ಲಿ ಸಾಕ್ಷ್ಯಚಿತ್ರ ನಿಂತುಹೋಗಲಿ ಎಂದು ಹರಕೆ ಹೊತ್ತೆ. ಅದು ಬರಲಿ, ನನ್ನ ಮುಖ ಕಾಣಲಿ ಎಂದೂ ಹೊತ್ತೆ. ದೇವರಿಗೆ ಗೊಂದಲವಾಗಿರಬೇಕು. ಬೇಸಿಗೆ ಶುರುವಾದಾಗ ಕಾರ್ಡು ಬಂತು, ಇಂಥ ಭಾನುವಾರ ಸಂಜೆ ನಾಲ್ಕಕ್ಕೆ ಪ್ರಸಾರ ಎಂದು. ಕಾರ್ಡೆಂದರೆ ಗೊತ್ತಲ್ಲ, ನನಗಿಂತ ಮೊದಲು ಅಂಚೆಯಣ್ಣ ಓದಿದ್ದ. ನನ್ನ ಕೈಗೆ ಬರುವಷ್ಟರಲ್ಲಿ ಬೀದಿಗೆಲ್ಲ ಸುದ್ದಿ. ನಮ್ಮ ಬೀದಿಯಲ್ಲಿ ಆಗ ಕಲರ್ ಟಿವಿ ಇದ್ದದ್ದು ನನ್ನ ಮನೆಯಲ್ಲಿ ಮಾತ್ರ, ನನ್ನದೇ ಸಂಬಳದಲ್ಲಿ ಕೊಂಡದ್ದು. ದಿನಾ ಸಂಜೆ ತಪ್ಪದೆ ಹೋಗುತ್ತಿದ್ದ ಕರೆಂಟು ಆ ಭಾನುವಾರ ಮಾತ್ರ ಹೋಗಲಿಲ್ಲ. ನಾಲ್ಕಕ್ಕೆ ಐದು ನಿಮಿಷ ಇರುವಾಗಲೂ ನಾನು ಬಲ್ಬಿನ ಕಡೆ ನೋಡುತ್ತಿದ್ದೆ. ಅದು ಉರಿಯುತ್ತಲೇ ಇತ್ತು.

ನಡುಮನೆಯ ತುಂಬ ಹೆಂಗಸರು, ಮಕ್ಕಳು. ಅತ್ತೆಗೆ ಕುರ್ಚಿ ಹಾಕಿದರೆ ಬೇಡ ಎಂದು, ಕಣ್ಣು ಮಂಜೆಂದು ಟಿವಿಯ ಹತ್ತಿರವೇ ಚಾಪೆಯ ಮೇಲೆ ಕೂತರು. ಒಗೆದ ಸೀರೆ ಉಟ್ಟಿದ್ದರು, ಮುಡಿಯಲ್ಲಿ ಒಂದು ಎಸಳು ಮರುಗ. ಸಿನಿಮಾ ಎಂದರೆ ನಿದ್ದೆ ಹೋಗುತ್ತಿದ್ದ ಹೆಂಗಸು ಅವತ್ತು ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿದ್ದರು.

ಚಿತ್ರ ಶುರುವಾಯಿತು. ನಟಿ ಮುದುಕಿಯಾಗಿದ್ದಳು. ಹುಬ್ಬು ಮಾತ್ರ ಹಿಂದಿನಂತೆಯೇ ತೀಡಿಕೊಂಡಿದ್ದಳು. ಬಾಲ್ಯ, ನಾಟಕ ಕಂಪನಿ, ಮದರಾಸು ಎಲ್ಲ ಆಗಿ ಗುಂಡ್ಲುಪೇಟೆ ಬಂತು. ನಮ್ಮ ಬೀದಿ ಕಂಡದ್ದೇ ಮಕ್ಕಳು ಹೋ ಎಂದರು. ಅದರ ಹಿಂದೆಯೇ ನಾನು ಬಂದೆ. ನನ್ನ ಹೆಗಲ ಹಿಂದೆ ಅವ್ವ. "ಆ ಜಡೆ ಕಟ್ಟಿದ್ದು ನಮ್ಮವ್ವ" ಎಂದು ಟಿವಿಯೊಳಗಿನ ನಾನು ಹೇಳಿದೆ. ಹೋ ಎನ್ನುತ್ತಿದ್ದ ಸದ್ದು ಒಮ್ಮೆಲೇ ನಿಂತಿತು. ಡಿಕಾಕ್ಷನ್ನಿನ ಕಥೆಯನ್ನೂ ಹೇಳಿ ಮುಗಿಸಿದೆ. ಆಮೇಲೆ ನಟಿ ಮತ್ತೆ ಬಂದಳು. ಕೈಯಲ್ಲಿ ಅವ್ವನ ಸಣ್ಣ ಫೋಟೋ ಇತ್ತು. ಕನ್ನಡಕ ಏರಿಸಿ ನೋಡಿ, "ಹೌದು, ಇವರೇ. ಈ ಮುಖ ಹೇಗೆ ಮರೆಯಲಿ!" ಎಂದಳು.

ಛತ್ರಿಯ ಕೆಳಗಿನಿಂದ ಅವ್ವನನ್ನು ಎಂದೂ ನೋಡದ ಕಣ್ಣು ಅದು. ನನಗೆ ಕುಣಿಯುವಷ್ಟು ಸಂತೋಷವಾಗಬೇಕಿತ್ತು. ಕಂಡದ್ದು ಅತ್ತೆಯ ಬೆನ್ನು ಮಾತ್ರ. ಆ ಬೆನ್ನು ಅಲ್ಲಾಡಲಿಲ್ಲ.

ಅಷ್ಟಕ್ಕೇ ಮುಗಿದಿದ್ದರೆ ಆಗುತ್ತಿತ್ತು. ಮುಂದಿನ ಕ್ಷಣ ಆ ಹಾಡು ಬಂತು. ನಾಯಕಿ ಬೆನ್ನು ತಿರುಗಿಸಿದಳು, ಜಡೆ ಬೀಸಿತು, ಮತ್ತೆ ಅಲ್ಲೇ ಚಿತ್ರವನ್ನು ನಿಲ್ಲಿಸಿ ಜಡೆಯನ್ನು ಟಿವಿ ತುಂಬ ದೊಡ್ಡದು ಮಾಡಿ ತೋರಿಸಿದರು. ಟಾಕೀಸಿನಲ್ಲಿ ನಾನು ಆ ಹಾಡನ್ನು ಇಪ್ಪತ್ತು ಸಲ ನೋಡಿದ್ದೆ. ಅಲ್ಲಿ ಕಣ್ಣು ಮಿಟುಕಿಸುವಷ್ಟರಲ್ಲಿ ಹೋಗುತ್ತಿದ್ದದ್ದು, ಕ್ಯಾಲೆಂಡರಿನಲ್ಲಿ ಬರೀ ಮಸುಕು ಪಟ್ಟಿಯಂತೆ ಕಂಡದ್ದು ಈಗ ಗೋಡೆಯ ಮೇಲಿನ ಫೋಟೋದಂತೆ ನಿಂತಿತ್ತು. ಮೊಗ್ಗಿನ ಸಾಲುಗಳನ್ನು ಒಂದೊಂದಾಗಿ ಎಣಿಸಬಹುದಿತ್ತು. ಮೂರನೆಯ ಸಾಲು, ನಟ್ಟನಡುವೆ...

"ಅತ್ತೇ, ಸೊಟ್ ಮೊಗ್ಗು!" ಎಂದು ಮುಂದೆ ಕೂತಿದ್ದ ಹುಡುಗಿಯೊಬ್ಬಳು ಕೂಗಿದಳು. "ನಿಮ್ ಸೊಟ್ ಮೊಗ್ಗು ಅಲ್ನೋಡಿ!"

ಆ ಕೋಣೆಯಲ್ಲಿದ್ದ ಒಬ್ಬೊಬ್ಬ ಹೆಂಗಸಿನ ಬೆನ್ನ ಮೇಲೂ ಆ ಮೊಗ್ಗು ಒಂದಲ್ಲ ಒಂದು ಬೇಸಿಗೆಯಲ್ಲಿ ಕೂತದ್ದೇ. ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಎಲ್ಲರೂ ಟಿವಿ ಬಿಟ್ಟು ನನ್ನ ಕಡೆ ತಿರುಗಿದರು. ಮೂಲೆಮನೆಯವರು ಅವ್ವನ ಓರಗೆಯವರು, ಬಾಯಿ ಜೋರು. "ಇದೇನಮ್ಮಿ? ನಿಮ್ಮವ್ವಂಗೆ ಒಂದ್ ಮೊಳ ಊವ ಕಟ್ಟಕೂ ಬತ್ತಿರ್ನಿಲ್ವಲ್ಲ!" ಎಂದೇಬಿಟ್ಟರು. ಭೂಮಿ ಬಾಯಿ ಬಿಡಬಾರದೇ ಎನ್ನಿಸಿದ್ದು ಬದುಕಿನಲ್ಲಿ ಅದೊಂದೇ ಸಲ.

ಅತ್ತೆ ತಿರುಗಲಿಲ್ಲ. ಟಿವಿಯಲ್ಲಿ ನಿಂತಿದ್ದ ಜಡೆಯನ್ನು ನೋಡುತ್ತಲೇ ಹೇಳಿದರು.

"ಏ, ನಿಂಗೇನ್ ಗೊತ್ತು, ಸುಮ್ಕಿರು. ಸೊಟ್ ಮೊಗ್ಗು ಇಕ್ಕೋದು ಅವ್ರವ್ವಂದೇ ಬುದ್ಧಿ. ಅವಳ್ ಕೈ ನೋಡ್ಕಂಡೇ ನಾನ್ ಕಲ್ತದ್ದು."

ಅಷ್ಟೇ. ಅತ್ತೆಯೇ ಹಾಗೆಂದ ಮೇಲೆ ಮಾತಾಡುವವರು ಯಾರು? ಮೂಲೆಮನೆಯವರು ಮೂತಿ ತಿರುಗಿಸಿ ಸುಮ್ಮನಾದರು. ಚಿತ್ರ ಮುಗಿಯುವವರೆಗೂ ಅತ್ತೆ ಕೂತಿದ್ದರು. ಎದ್ದಾಗ ಚಾಪೆ ಸುತ್ತಿ ಗೋಡೆಗೆ ಒರಗಿಸಿ, ನನ್ನ ಮುಖ ನೋಡದೆ ಬೀದಿ ದಾಟಿ ತಮ್ಮ ಮನೆಗೆ ಹೋದರು.

ನನಗೆ ಆಗ ಬರಬೇಕಾದದ್ದು ಕೃತಜ್ಞತೆ. ಬಂದದ್ದು ಮತ್ತೆ ಹೊಟ್ಟೆಕಿಚ್ಚೇ. ನಾನು ಕದ್ದು, ಬೆವರಿ, ಹರಕೆ ಹೊತ್ತು ಗಿಟ್ಟಿಸಿದ್ದನ್ನು ಅವರು ಕೂತಲ್ಲೇ ಕೊಟ್ಟುಬಿಟ್ಟರು. ಒಂದು ಮಾತಿನಲ್ಲಿ ತಮ್ಮದೆಲ್ಲವನ್ನೂ ಸತ್ತವಳ ಹೆಸರಿಗೆ ಬರೆದು ಎದ್ದುಹೋದರು. ಹಾಗೆ ಕೊಡುವ ಮನಸ್ಸು ನನಗೇಕಿಲ್ಲ? ನಟಿಯ ಕೂದಲು ಹಿಡಿದದ್ದೂ ಅವರೇ, ಇದರಲ್ಲೂ ಗೆದ್ದದ್ದು ಅವರೇ. ಅವತ್ತು ಇಡೀ ರಾತ್ರಿ ನನ್ನನ್ನು ಕಾಡಿದ್ದು ಪಶ್ಚಾತ್ತಾಪವಲ್ಲ, ಈ ಲೆಕ್ಕ. ಈಗ ಬರೆಯಲು ಮುಜುಗರವಾಗುತ್ತದೆ, ಆದರೆ ನಿಜ.

ಬೆಳಿಗ್ಗೆ ಕಚೇರಿಗೆ ಹೋಗಲಿಲ್ಲ. ಎದುರುಮನೆಗೆ ಹೋದೆ. ಅತ್ತೆ ಜಗಲಿಯ ಮೇಲೆ ಒದ್ದೆ ಬಟ್ಟೆ ಹಾಸಿ ಮೊಗ್ಗು ಹರಡಿಕೊಂಡಿದ್ದರು. ಪಕ್ಕದಲ್ಲಿ ಹೊಸದಾಗಿ ಸೀಳಿದ ಬಾಳೆಪಟ್ಟೆ ಎರಡಿದ್ದವು. ನಾನು ಬರುತ್ತೇನೆಂದು ಅವರಿಗೆ ಗೊತ್ತಿತ್ತು.

"ಅತ್ತೆ, ಅವತ್ತು ಅವರು ನಿಮ್ಮನ್ನೇ ಕೇಳಿದ್ರು. ಆಕೆ ನಿಮ್ಮನ್ನ ನೆನೆಸ್ಕೊತಾಳಂತೆ. ನಾನು..."

"ಕುಂತ್ಕೋ" ಎಂದರು.

ಕೂತೆ. ಸೂಜಿಗೆ ದಾರ ಪೋಣಿಸಿ ನನ್ನ ಕೈಗೆ ಕೊಟ್ಟರು. "ನೆನ್ನೆ ಬೀದಿ ಮುಂದೆ ಒಂದ್ ಸುಳ್ ಏಳ್ಬುಟ್ಟಿವ್ನಿ. ನಾಳೆ ಯಾರಾದ್ರೂ ತಟ್ಟೆ ಇಡ್ಕಂಡು ನಿನ್ ಬಾಗ್ಲಿಗ್ ಬತ್ತಾರೆ, ನಿಮ್ಮವ್ವನ್ ಕೈ ನಿಂಗೂ ಬಂದಿರ್ಬೇಕಲ್ಲ ಅಂತ. ಆಗ ನೀನ್ ಬಾಯ್ ಬಾಯ್ ಬುಟ್ರೆ ಓಗೋದು ನನ್ ಮಾನ. ಕಲ್ತ್ಕೋ."

ನಾನು ತಲೆ ತಗ್ಗಿಸಿ ಮೊದಲ ಮೊಗ್ಗಿಗೆ ಸೂಜಿ ಹಾಕಿದೆ. ಮೊಗ್ಗು ಸೀಳಿಹೋಯಿತು. ಅವರು ಇನ್ನೊಂದು ಕೊಟ್ಟರು. ಸ್ವಲ್ಪ ಹೊತ್ತಿನ ಮೇಲೆ, ಆಕೆ ಫೋಟೋ ನೋಡಿ ಇವರೇ ಎಂದಳಲ್ಲ ಎಂದು ನಾನೇ ಹೇಳಿದೆ, ನನಗೆ ತಡೆಯಲಾಗಲಿಲ್ಲ. ಅತ್ತೆ ನಕ್ಕರು. ಆ ನಗುವಿನಲ್ಲಿ ನೋವಿತ್ತೋ ಇಲ್ಲವೋ ಇವತ್ತಿಗೂ ನನಗೆ ಗೊತ್ತಿಲ್ಲ.

"ಆಯಮ್ಮ ನನ್ ಮಕ ಎಲ್ ನೋಡವ್ಳೆ ಕಣಮ್ಮಿ? ಮೂರ್ ಗಂಟೆನೂ ನನ್ ಕಡೀಕ್ ಬೆನ್ ಮಾಡ್ಕಂಡೇ ಕುಂತಿದ್ಲು."

ಆ ಬೇಸಿಗೆಯೆಲ್ಲ ಕಲಿತೆ. ಕಚೇರಿಯಿಂದ ಬಂದು ಬಸ್ಸಿನ ಧೂಳು ತೊಳೆದು ಅವರ ಜಗಲಿಗೆ ಹೋಗುತ್ತಿದ್ದೆ. ಟೈಪ್ ಮಾಡುವ ಬೆರಳಿಗೆ ಮೊಗ್ಗು ಒಗ್ಗಲೇ ಇಲ್ಲ. "ಇದು ಊವ ಕಣಮ್ಮಿ, ನಿನ್ ಮಿಷನ್ನಲ್ಲ, ಗುದ್ಬೇಡ" ಎಂದು ಬೈದು, ನಾನು ಒಂದು ಗಂಟೆ ಕೂತು ಹೊಲಿದ ಸಾಲನ್ನು ಒಂದೇ ಎಳೆತಕ್ಕೆ ಬಿಚ್ಚಿಹಾಕುತ್ತಿದ್ದರು. ಅವರ ಕೈ ಓಡುವುದನ್ನು ನೋಡಿದಾಗ ನನ್ನ ಕೈಗೆ ಆ ಓಟ ಎಂದೂ ಬರುವುದಿಲ್ಲವೆಂದು ಮತ್ತೆ ಹೊಟ್ಟೆ ಉರಿಯುತ್ತಿತ್ತು. ಅವರು ಹೇಳಿದಂತೆಯೇ ಆಯಿತು. ಮುಂದಿನ ಬೇಸಿಗೆಗೆ ತಟ್ಟೆ ಹಿಡಿದವರು ನನ್ನ ಬಾಗಿಲಿಗೂ ಬಂದರು. ನಾನು ಹೊಲಿದೆ, ಅತ್ತೆ ಎದುರುಜಗಲಿಯಿಂದಲೇ ಕಣ್ಣು ಕಿರಿದು ಮಾಡಿ ನೋಡಿದರು. ತಪ್ಪಿದ್ದರೆ ಕೆಮ್ಮುತ್ತಿದ್ದರು. ಕ್ಷಮಿಸಿ ಎಂಬ ಮಾತು ಮಾತ್ರ ನನ್ನ ಬಾಯಿಂದ ಬರಲೇ ಇಲ್ಲ. ಬರಲು ಅವರು ಬಿಡಲೂ ಇಲ್ಲ. ನಾನು ಶುರುಮಾಡಿದಾಗಲೆಲ್ಲ ಒಂದು ಮೊಗ್ಗು ಕೈಗಿಡುತ್ತಿದ್ದರು.

ದಶಕ ಮುಗಿಯುವ ಹೊತ್ತಿಗೆ, ದಿನದ ಬಸ್ಸು ಸಾಕೆನಿಸಿ ಚಾಮರಾಜನಗರದಲ್ಲೇ ಮನೆ ಮಾಡಿದೆ. ಒಂದೆರಡು ವರ್ಷದಲ್ಲಿ ಅತ್ತೆ ಹೋದ ಸುದ್ದಿ ಬಂತು. ಕಡೆಗೆ ಮಗಳ ಮನೆಯಲ್ಲಿ ಹಾಸಿಗೆ ಹಿಡಿದಿದ್ದರಂತೆ. ಹರದನಹಳ್ಳಿಗೆ ಹೋದೆ. ಮಣ್ಣು ಮಾಡಿ ಬಂದಿದ್ದರು, ನನಗೆ ಮುಖ ಸಿಗಲಿಲ್ಲ. ಮಗಳು ನನ್ನ ಎರಡೂ ಕೈ ಹಿಡಿದುಕೊಂಡು ಅತ್ತಳು. "ನಿಮ್ಮವ್ವ ಕಲ್ಸಿದ್ ವಿದ್ಯೇಲೇ ನಮ್ಮವ್ವ ನನ್ನ ಸಾಕಿದ್ಲು ಕಣಕ್ಕ. ಸಾಯೋಗಂಟ ಏಳ್ತಿದ್ಲು" ಎಂದಳು.

ಹೆತ್ತ ಮಗಳಿಗೂ ನಿಜ ಹೇಳಿರಲಿಲ್ಲ! ಒಂದು ಸಲ ಕೊಟ್ಟದ್ದನ್ನು ಮನೆಯೊಳಗೂ ವಾಪಸು ತೆಗೆದುಕೊಳ್ಳದ ಹೆಂಗಸು. ಆ ಅಂಗಳದಲ್ಲಿ ನಿಂತು ನಾನು ಹೇಳಬೇಕಿತ್ತು. ಬಾಯಿ ತೆರೆದೆ... ಅಷ್ಟರಲ್ಲಿ ಯಾರೋ ಕಾಫಿ ಲೋಟ ತಂದು ಕೈಗಿಟ್ಟರು. ಕುಡಿದು ಬಸ್ಸು ಹತ್ತಿದೆ.

ಈಗ ಆ ನಟಿಯೂ ಇಲ್ಲ. ಪೆನ್ನಿನ ಕ್ಯಾಪು ಮುಚ್ಚಿದ ನಿರ್ದೇಶಕರು ಎಲ್ಲಿದ್ದಾರೋ ಗೊತ್ತಿಲ್ಲ. ಆ ಸಾಕ್ಷ್ಯಚಿತ್ರ ಮಾತ್ರ ಇದೆ. ಕಳೆದ ವಾರ ಜಡೆ ಹೊಲಿದು ಮುಗಿಸಿ, ಹುಡುಗಿಯನ್ನು ಕನ್ನಡಿಗೆ ಬೆನ್ನು ಮಾಡಿ ಕೂರಿಸಿ ಕಟ್ಟುತ್ತಿದ್ದೆ. ಅವಳ ತಾಯಿ ಮೊಬೈಲು ಹಿಡಿದು ಓಡಿಬಂದಳು. "ಆಂಟಿ, ಇದು ನೀವೇ ಅಲ್ವಾ! ಎಷ್ಟು ಚಿಕ್ಕವರಿದ್ರಿ! ನಿಮ್ಮಮ್ಮ ಅವರಿಗೇ ಜಡೆ ಕಟ್ಟಿದ್ರಾ?" ಅಂಗೈಯಗಲದ ಗಾಜಿನಲ್ಲಿ ಮೂವತ್ತು ದಾಟಿದ ನಾನು ಕಣ್ಣೀರು ಒರೆಸಿಕೊಳ್ಳುತ್ತಿದ್ದೆ.

"ಇಲ್ಲಮ್ಮ" ಎಂದೆ. ಅಷ್ಟು ಸುಲಭವಾಗಿ ಬಂದೀತೆಂದು ನನಗೇ ಗೊತ್ತಿರಲಿಲ್ಲ. "ಅದು ಸುಳ್ಳು. ನಮ್ಮವ್ವನಿಗೆ ಒಂದು ಮೊಳ ಹೂವು ಕಟ್ಟೋಕೂ ಬರ್ತಿರ್ಲಿಲ್ಲ. ಕಟ್ಟಿದ್ದು ನಮ್ಮ ಎದುರುಮನೆ ಅತ್ತೆ."

ಅವಳು ಜೋರಾಗಿ ನಕ್ಕಳು. "ಅಯ್ಯೋ ಆಂಟಿ, ನೀವು ತುಂಬಾ ಸಿಂಪಲ್ಲು. ಅಷ್ಟು ದೊಡ್ಡ ನಟೀನೇ ಫೋಟೋ ನೋಡಿ ಹೌದು ಅಂದಿದಾರಲ್ಲ" ಎಂದು ಅದನ್ನು ಇನ್ನಾರಿಗೋ ಕಳಿಸುತ್ತ ಆಚೆ ಹೋದಳು.

ಹುಡುಗಿ ಕೈಗನ್ನಡಿ ಹಿಡಿದು, ಹಿಂದಿನ ಕನ್ನಡಿಯಲ್ಲಿ ಕಾಣುವ ತನ್ನ ಜಡೆಯನ್ನು ನೋಡಿಕೊಳ್ಳುತ್ತಿದ್ದಳು. ಮೂರನೆಯ ಸಾಲಿಗೆ ಬಂದು ನಿಂತಳು.

"ಅಜ್ಜಿ, ಇಲ್ಲೊಂದು ಉಲ್ಟಾ ಆಗಿದೆ."

"ಇರ್ಲಿ ಬುಡು" ಎಂದೆ. ಅತ್ತೆಯ ಮಾತು ಹೇಗೆ ಬಾಯಿಗೆ ಬಂತೋ. "ಅದು ನನ್ನದಲ್ಲ ಮಗಾ, ಎದುರುಮನೆ ಅತ್ತೇದು."

ಯಾವ ಎದುರುಮನೆ ಎಂದು ಹುಡುಗಿ ಕಿಟಕಿಯಾಚೆ ನೋಡಿದಳು. ಇಲ್ಲಿ ನನ್ನ ಮನೆಯ ಎದುರಿಗೆ ಮನೆಯಿಲ್ಲ, ಖಾಲಿ ಸೈಟು.